ಎಗ್ಬರ್ಟ್ ಪಿನ್ನಾಕರ ತಗಡಿನ ಬೇಲಿ

ನಮ್ಮ ಕಿಂಗ್‌ಸ್ಟನ್ನಿನಲ್ಲಿ ಹಾಡುವವರಿಗೆ ಸಿಗಬಹುದಾದ ಅತಿ ದೊಡ್ಡ ಮರ್ಯಾದೆ ಯಾವುದೆಂದರೆ, ಅವರ ಹಾಡನ್ನು ಅರ್ಧಕ್ಕೇ ನಿಲ್ಲಿಸುವುದು. ಬರೀ ಚಪ್ಪಾಳೆ ಶಾಲೆಯ ಮಕ್ಕಳಿಗೆ ಸರಿ. ಹಾಡು ಎದೆಗೆ ತಾಕಿತೆಂದರೆ ಜನ ಪಾತ್ರೆಯ ಮುಚ್ಚಳವೋ ಪೊರಕೆಯ ಹಿಡಿಯೋ, ಕೈಗೆ ಸಿಕ್ಕಿದ್ದನ್ನು ಹಿಡಿದು ಹತ್ತಿರದ ತಗಡಿನ ಬೇಲಿಗೆ ಢಣಢಣ ಬಡಿಯುತ್ತಾರೆ. ಆಗ ಹಾಡು ಅಲ್ಲಿಗೇ ನಿಲ್ಲಬೇಕು, ಮತ್ತೆ ಮೊದಲಿಂದ ಶುರುವಾಗಬೇಕು, ಮೊದಲಿಗಿಂತ ಜೋರಾಗಿ. ಇದು ನಮ್ಮ ಓಣಿಯ ಮೇಕೆಗಳಿಗೂ ಗೊತ್ತು. ಇಡೀ ಟ್ಯಾಮರಿಂಡ್ ಲೇನಿನಲ್ಲಿ ಗೊತ್ತಿಲ್ಲದಿದ್ದದ್ದು ಒಂದೇ ಮನೆಯಲ್ಲಿ, ಬ್ರದರ್ ಎಗ್ಬರ್ಟ್ ಪಿನ್ನಾಕರ ಮನೆಯಲ್ಲಿ.

ಅವರಿಗೆ ಹೇಗೆ ಗೊತ್ತಿರಬೇಕು ಹೇಳಿ? ಐವತ್ತು ದಾಟಿದ ಮನುಷ್ಯ, ಒಂದು ದಿನವೂ ಕುಣಿತದ ಕಡೆ ಹೆಜ್ಜೆ ಇಟ್ಟವರಲ್ಲ. ರಾತ್ರಿ ಹಿಟ್ಟಿನ ಗೋದಾಮಿನ ಕಾವಲು, ಹಗಲು ನಿದ್ದೆ, ಭಾನುವಾರ ಚರ್ಚು, ಇಷ್ಟೇ ಅವರ ಲೋಕ. ಚರ್ಚಿನಲ್ಲಿ ಬಾಗಿಲ ಬಳಿ ನಿಂತು ಬಂದವರಿಗೆ ಬೀಸಣಿಗೆ ಕೊಡುವುದು ಅವರ ಕೆಲಸ. ಆದರೆ ಕಣ್ಣು ಮಾತ್ರ ಮುಂದಿನ ಸಾಲಿನಲ್ಲಿ ಪಾಸ್ಟರರ ಬಲಗೈಯಾದ ಡೀಕನ್ ಕೂರುವ ಕುರ್ಚಿಯ ಮೇಲೆ. ಆ ಕುರ್ಚಿಗಾಗಿ ಅವರು ಹದಿನಾಲ್ಕು ವರ್ಷದಿಂದ ಒಳ್ಳೆಯವರಾಗಿದ್ದರು. ಕಡೆಗೂ ಪಾಸ್ಟರ್ ಡಂಕ್ಲಿಯವರು ಮನಸ್ಸು ಮಾಡಿ, ಈಸ್ಟರ್ ಆದ ಮೇಲಿನ ಎರಡನೇ ಭಾನುವಾರ ಎಂದು ಗೊತ್ತುಮಾಡಿದರು. ಹಿಗ್ಗಿನಲ್ಲಿ ಎಗ್ಬರ್ಟರು ಎಲ್ಲರೆದುರು ಎದ್ದು ನಿಂತು, ಯಾರೂ ಕೇಳದೆ ಇದ್ದರೂ, ಒಂದು ಶಪಥ ಮಾಡಿಬಿಟ್ಟರು. "ನನ್ನ ಮನೆ ಪಕ್ಕದಲ್ಲೇ ಆ ಸಂಗೀತದ ಅಂಗಳ ಇದೆ. ದೇವರಾಣೆ, ಅದರೊಳಗೆ ನನ್ನ ಕಾಲು ಬೀಳಲ್ಲ!"

ಮುಂದಿನ ವಾರವೇ ಆ ಅಂಗಳದಲ್ಲಿ ನಯೋಮಾ ಹಾಡು ರೆಕಾರ್ಡ್ ಮಾಡಲು ಶುರು ಮಾಡಿದಳು.

ನಯೋಮಾ ನಮ್ಮ ಓಣಿಯ ಹುಡುಗಿ. ಅವಳು ಬಾಯಿ ತೆರೆದರೆ ಕ್ಷೌರ ಮಾಡುವ ನನ್ನ ಕೈಯೇ ನಿಂತುಹೋಗುತ್ತದೆ, ಗಿರಾಕಿಯ ಅರ್ಧ ಮೀಸೆ ಹಾಗೇ ಉಳಿಯುತ್ತದೆ. ಆ ಆಲ್ಬಮ್ಮಿನ ಹೆಸರು 'ಒಣಗಿದ ನಲ್ಲಿ'. ಅರ್ಧ ಹಾಡು ಹಳೆಯ ರೆಗೆಯ ನಿಧಾನದ ನಡಿಗೆ, ಎದೆಗೂಡಿನೊಳಗೆ ಹೆಜ್ಜೆ ಇಟ್ಟ ಹಾಗೆ. ಇನ್ನರ್ಧ ಡಾನ್ಸ್‌ಹಾಲಿನ ಓಟ, ಕುಂಟನೂ ಎದ್ದು ಕುಣಿಯಬೇಕು. ಆದರೆ ಮಾತು ಎಲ್ಲವೂ ನಮ್ಮದೇ. ನಮ್ಮ ನಲ್ಲಿ ಬರೀ ಗಾಳಿ ಕೆಮ್ಮುವಾಗ ಗುಡ್ಡದ ಮೇಲಿನವರ ಈಜುಕೊಳ ತುಂಬಿರುವುದು. ಬುಟ್ಟಿ ಹೊತ್ತ ಹೆಂಗಸರನ್ನು ಪೇಟೆಯ ಕಟ್ಟೆಯಿಂದ ಎಬ್ಬಿಸಿ ಓಡಿಸುವುದು. ಕಾಲಿಗೆ ಬೂಟು ಬರುವ ಮೊದಲೇ ಕೈಗೆ ಬಂದೂಕು ಬಂದ ಹುಡುಗ. ಇಂಥದ್ದನ್ನು ಕೇಳಿ ಕುಣಿಯಬೇಕೋ ಅಳಬೇಕೋ ತಿಳಿಯದೆ, ನಾವು ಎರಡನ್ನೂ ಮಾಡುತ್ತಿದ್ದೆವು.

ಎಗ್ಬರ್ಟರು ಮಾತ್ರ ಎರಡನ್ನೂ ಮಾಡಲಿಲ್ಲ. ರಾತ್ರಿಯೆಲ್ಲ ಕಾವಲು ಕಾದು ಬಂದು ಆಗಷ್ಟೇ ದಿಂಬಿಗೆ ತಲೆ ಕೊಟ್ಟಿದ್ದರು. ತಗಡಿನ ಬೇಲಿಯ ಆಚೆ ಡೊಳ್ಳಿನಂಥ ಬೇಸು ಗುಡುಗಿತು. ಎದ್ದರು. ಒಳಗೆ ಹೋಗಿ ಹೇಳೋಣವೆಂದರೆ ಶಪಥ. ಕೂಗೋಣವೆಂದರೆ ಆ ಗುಡುಗಿನಲ್ಲಿ ಯಾರಿಗೆ ಕೇಳಬೇಕು? ನೆಲ ಒರೆಸುವ ಕೋಲು ಕೈಗೆ ಸಿಕ್ಕಿತು. ಬೇಲಿಯ ಹತ್ತಿರ ಹೋಗಿ, ಕೋಪ ಇದ್ದಷ್ಟೂ ಬಡಿದರು. ಢಣ್! ಢಣ್! ಢಣ್!

ಹಾಡು ನಿಂತಿತು.

"ನೋಡಿದ್ಯಾ ಹಯಸಿಂತ್?" ಎಂದರು ಹೆಂಡತಿಗೆ. "ಗದರಿಸೋ ಹಾಗೆ ಗದರಿಸಿದ್ರೆ ಎಂಥವರೂ ಕೇಳ್ತಾರೆ." ಹೋಗಿ ಮಲಗಿದರು. ಹೊದಿಕೆ ಎಳೆದುಕೊಳ್ಳುವಷ್ಟರಲ್ಲಿ ಅದೇ ಹಾಡು ಮೊದಲಿಂದ, ಮನೆಯ ಕಿಟಕಿ ನಡುಗುವ ಹಾಗೆ ಶುರುವಾಯಿತು.

ಅವರು ಮತ್ತೆ ಎದ್ದು ಬಡಿದರು. ಅದು ಮತ್ತೆ ನಿಂತು ಮತ್ತೆ ಶುರುವಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ಸಂಜೆಯ ಹೊತ್ತಿಗೆ ಎಗ್ಬರ್ಟರ ಕೈಯಲ್ಲಿ ಬೊಬ್ಬೆ, ಬೇಲಿಯ ಆಚೆಯವರ ಕಣ್ಣಲ್ಲಿ ನೀರು. ಅದು ಆನಂದಬಾಷ್ಪ.

"ಎಂಥಾ ಮನುಷ್ಯ ಕಣಯ್ಯಾ ಆತ!" ಎಂದು ಆ ಸಂಜೆ ನನ್ನ ಅಂಗಡಿಗೆ ಬಂದ ರಾಸ್ ಎವರ್ಟನ್ ಹೇಳಿದ. ಆ ಅಂಗಳ, ಅಲ್ಲಿನ ಯಂತ್ರ, ಆ ಬೇಸು ಎಲ್ಲ ಎವರ್ಟನ್ನನದು. ರಾಸ್ತಾ ಪಂಥದ ಮನುಷ್ಯ ಕೂದಲಿಗೆ ಕತ್ತರಿ ತಾಗಿಸುವುದಿಲ್ಲ, ಜಡೆ ಸೊಂಟ ಮುಟ್ಟಿದೆ. ಆದರೂ ದಿನಾ ನನ್ನ ಕ್ಷೌರದಂಗಡಿಗೆ ಬಂದು ಒಳ್ಳೆಯ ಕುರ್ಚಿಯನ್ನೇ ಹಿಡಿದು ಕೂರುತ್ತಾನೆ, ಗಿರಾಕಿ ನಿಂತಿರುತ್ತಾನೆ. "ಚರ್ಚಿನವರು ನಮ್ಮ ಮುಖ ನೋಡಿದ್ರೆ ಆಚೆ ಕಡೆ ತಿರುಗ್ತಾರೆ. ಈತ ನೋಡು! ಹಗಲು ನಿದ್ದೆ ಬಿಟ್ಟು ಬೇಲಿ ಹತ್ರ ನಿಂತು ಹುರಿದುಂಬಿಸ್ತಾನೆ. ನಮ್ಮ ದೇವರು ಜಾ ಎಲ್ಲರ ಎದೇಲೂ ಇದಾನೆ ಅಂತ ಸುಮ್ನೆ ಹೇಳ್ತಾರಾ!"

"ಎಗ್ಬರ್ಟ್ ಪಿನ್ನಾಕಾ? ನಮ್ಮ ಎಗ್ಬರ್ಟಾ?" ಎಂದೆ. ಕತ್ತರಿ ಕೈಯಿಂದ ಜಾರಿತು.

"ಮತ್ಯಾರು? ಓಣಿ ಮಕ್ಕಳಿಗೆಲ್ಲ ತಾಯಿಯಾಗಿದ್ದ ಮಿಸ್ ಐಸಿಲ್ಡಾ ಮಗ. ರಕ್ತ ಎಲ್ಲಿ ಹೋಗುತ್ತೆ?"

ಅಷ್ಟರಲ್ಲೇ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತ್ತು. ಮೀನು ಹುರಿಯುವವಳು ಎಗ್ಬರ್ಟರ ಗೇಟಿಗೆ ಎಲೆಯಲ್ಲಿ ಸುತ್ತಿದ ಮೀನು ಕಟ್ಟಿಹೋದಳು. ದಾರಿಯಲ್ಲಿ ಹುಡುಗರು ಮುಷ್ಟಿ ಎದೆಗಿಟ್ಟು ನಮಸ್ಕರಿಸಿದರು. ಎಗ್ಬರ್ಟರು ಇದೆಲ್ಲ ಡೀಕನ್ ಆಗುವವರಿಗೆ ಸಲ್ಲುವ ಗೌರವವೆಂದು ತಿಳಿದು ಗಂಭೀರವಾಗಿ ತಲೆ ಬಾಗಿಸಿದರು. ಮೀನನ್ನೂ ತಿಂದರು.

ಮೂರನೇ ವಾರಕ್ಕೆ ತಾಳ್ಮೆ ಕೆಟ್ಟು ಪೊಲೀಸರಿಗೆ ಫೋನ್ ಮಾಡಿದರು. ಕಾರ್ಪೊರಲ್ ಗ್ಯಾಬಿಡನ್ ಬಂದರು. ಬಿಗಿಯಾದ ಸಮವಸ್ತ್ರ, ಅದಕ್ಕಿಂತ ಬಿಗಿಯಾದ ಮುಖ. ಪೊಲೀಸಿನವರು ಬಂದರೆಂದು ನಾನೂ ಹಿಂದೆಯೇ ಹೋದೆ. ಗಿರಾಕಿಯೂ ಮುಖದ ನೊರೆಯ ಸಮೇತ ಬಂದ.

"ಯಾವ ಹಾಡು ತೊಂದರೆ ಕೊಡ್ತಿರೋದು?" ಎಂದರು ಕಾರ್ಪೊರಲ್.

"ಎಲ್ಲಾನೂ ಕೊಡುತ್ತೆ ಸಾಹೇಬ್ರೇ."

"ಹಾಗೆ ಮೋಘಮ್ಮಾಗಿ ಹೇಳಿದ್ರೆ ವರದಿ ಬರೆಯೋಕಾಗಲ್ಲ. ನಾನೇ ಕೇಳಬೇಕು."

ಆ ಹೊತ್ತಿಗೆ ಆಚೆ ನಯೋಮಾ ಬಂದೂಕಿನ ಹುಡುಗನ ಹಾಡು ಹಾಡುತ್ತಿದ್ದಳು. ಕಾರ್ಪೊರಲ್ ಕಿವಿಗೊಟ್ಟು ನಿಂತರು. ಅವರ ಬೂಟಿನ ತುದಿ ಅವರನ್ನು ಕೇಳದೆಯೇ ತಾಳ ಹಾಕತೊಡಗಿತು. ಹುಡುಗನ ತಾಯಿ ಅವನ ಹೊಸ ಬೂಟನ್ನು ಶವಪೆಟ್ಟಿಗೆಯಲ್ಲಿ ಇಡುವ ಸಾಲು ಬಂದಾಗ ಟೋಪಿ ತೆಗೆದರು. ಆಮೇಲೆ ಕೆಲಸ ನೆನಪಾಗಿ, ಹಾಡುವವರನ್ನು ಕರೆಯಲು ಲಾಠಿಯಿಂದ ಬೇಲಿಗೆ ಢಣಢಣ ಬಡಿದರು. ಹಾಡು ನಿಂತು ಮೊದಲಿಂದ ಶುರುವಾಯಿತು. ಕಾರ್ಪೊರಲ್ ಪೂರ್ತಿ ಕೇಳಿ, ಮತ್ತೆ ಬಡಿದರು.

"ಈಗ್ಯಾಕೆ ಬಡಿದ್ರಿ?" ಎಂದರು ಎಗ್ಬರ್ಟ್.

"ವರದಿಗೆ ಮೂರನೇ ಚರಣ ಬೇಕಿತ್ತು."

"ನಿಲ್ಲಿಸೋಕೆ ಹೇಳ್ತೀರೋ ಇಲ್ವೋ?"

ಕಾರ್ಪೊರಲ್ ಟೋಪಿ ಹಾಕಿಕೊಂಡು ನಿಟ್ಟುಸಿರು ಬಿಟ್ಟರು. "ಪಿನ್ನಾಕ್ ಅವರೇ, ಆ ಹಾಡಿನ ಹುಡುಗನಂಥವರ ಹೆಣಾನ ನಾನು ಎತ್ತಿ ಗಾಡಿಗೆ ಹಾಕಿದೀನಿ. ನಿಮಗೆ ಒಳ್ಳೇ ಜಾಗದಲ್ಲಿ ಮನೆ ಸಿಕ್ಕಿದೆ ಕಣ್ರೀ, ಸುಮ್ನೆ ಕೇಳಿ." ಹೋಗುವಾಗ ಬೇಲಿಯನ್ನೊಮ್ಮೆ ಅಲುಗಿಸಿ ನೋಡಿ, "ಕಂಬ ಸಡಿಲ ಆಗಿದೆ, ನೋಡ್ಕೊಳ್ಳಿ" ಎಂದರು. ಕಾನೂನು ನಮ್ಮ ಓಣಿಗೆ ಕೊಟ್ಟುಹೋದದ್ದು ಆ ಒಂದು ಎಚ್ಚರಿಕೆ. ಎಗ್ಬರ್ಟರು ಬಡಿಯುವುದು ಕೋಪಕ್ಕೆಂದು ನನಗೆ ಅವತ್ತೇ ಅರ್ಥವಾಯಿತು, ಆದರೆ ಇಷ್ಟು ಚೆಂದದ ತಮಾಷೆ ಕೆಡಿಸಲು ಮನಸ್ಸು ಬರಲಿಲ್ಲ.

ಮಾರನೆಯ ದಿನ ಹಯಸಿಂತ್ ಅಂಗಡಿಗೆ ಬಂದು ನನ್ನ ಹತ್ತಿರ ಒಂದು ವಿಚಿತ್ರ ಹೇಳಿದಳು. "ನಿನ್ನೆ ಮಧ್ಯಾಹ್ನ ಒಂದು ಹಾಡಿಗೆ ಮಾತ್ರ ಇವರು ಬಡೀಲೇ ಇಲ್ಲ. ಕೋಲು ಮಡಿಲಲ್ಲಿ ಇಟ್ಕೊಂಡು ಮಂಚದ ಮೇಲೆ ಕೂತೇ ಇದ್ರು. ಜ್ವರ ಬಂತೇನೋ ಅಂತ ಕಹಿ ಸೊಪ್ಪಿನ ಕಷಾಯ ಕೊಟ್ಟೆ. ಒಂದೇ ಗುಟುಕಿಗೆ ಕುಡಿದುಬಿಟ್ರು. ಯಾವತ್ತೂ ಹಾಗೆ ಕುಡಿದವರಲ್ಲ."

"ಅದು ಯಾವ ಹಾಡು?"

"ನಾನು ಗೇಟಿನ ಹತ್ರ ಬಟ್ಟೆ ಒಗೀತಿದ್ದೆ, ಮಾತು ಸರಿಯಾಗಿ ಕೇಳಿಸ್ಲಿಲ್ಲ."

ಆ ವಿಷಯ ಅಲ್ಲಿಗೇ ಮರೆತೆವು. ಮರೆಯಲು ಕಾರಣವೂ ಇತ್ತು. ಶುಕ್ರವಾರ ಕಪ್ಪು ಸೂಟು ತೊಟ್ಟು ಪಾಸ್ಟರ್ ಡಂಕ್ಲಿಯವರು ಸ್ವತಃ ಎಗ್ಬರ್ಟರ ಮನೆಗೆ ಬಂದರು. ಬಂದವರು ನನ್ನನ್ನೂ ಕರೆಸಿದರು, ಓಣಿಯಲ್ಲಿ ನಡೆದದ್ದಕ್ಕೆಲ್ಲ ಕ್ಷೌರಿಕನೇ ಸಾಕ್ಷಿ ಎಂದು.

"ಬ್ರದರ್ ಪಿನ್ನಾಕ್," ಎಂದರು ಪಾಸ್ಟರ್, ಕುರ್ಚಿಯಲ್ಲಿ ಕೂರದೆ. "ಒಂದು ಮಾತು ನನ್ನ ಕಿವಿಗೆ ಬಿದ್ದಿದೆ. ನೀವು ಹಗಲೆಲ್ಲ ಆ ಬೇಲಿ ಬಡೀತೀರಂತೆ?"

ಎಗ್ಬರ್ಟರ ಮುಖ ಅರಳಿತು. ಕಡೆಗೂ ತಮ್ಮ ಹೋರಾಟ ಚರ್ಚಿಗೆ ಮುಟ್ಟಿತಲ್ಲ! "ಬಡೀತೀನಿ ಪಾಸ್ಟರ್! ನೋಡಿ ಕೈ!"

ಪಾಸ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. "ಎಷ್ಟು ದಿನದಿಂದ?"

"ಅವರು ಶುರು ಮಾಡಿದ ದಿನದಿಂದ! ಒಬ್ಬನೇ ಬಡಿದು ಸಾಕಾಗಿ ಒಂದ್ಸಲ ಹಯಸಿಂತ್‌ಗೂ ಪಾತ್ರೆ ಮುಚ್ಚಳ ಕೊಟ್ಟು ನಿಲ್ಲಿಸಿದೆ!"

"ಕರ್ತನೇ! ಹೆಂಡತೀನೂನಾ?"

"ಪೊಲೀಸಿನವರ ಕೈಲೂ ಬಡಿಸಿದೀನಿ ಪಾಸ್ಟರ್!"

ಪಾಸ್ಟರ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ಇನ್ನು ಸುಮ್ಮನಿದ್ದರೆ ಡೀಕನ್ ಕುರ್ಚಿ ಸೀದಾ ಸಮುದ್ರಕ್ಕೆ ಬೀಳುತ್ತದೆಂದು ನನಗೆ ತಿಳಿಯಿತು. ಎಗ್ಬರ್ಟರ ತೋಳು ಹಿಡಿದು, ಬೇಲಿ ಬಡಿಯುವುದೆಂದರೆ ನಮ್ಮಲ್ಲಿ ಏನೆಂದು, ಚಿಕ್ಕ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ಕುಸಿದು ಹಿಟ್ಟಿನ ಮೂಟೆಯ ಹಾಗೆ ನೆಲಕ್ಕೆ ಕೂತರು.

"ಹಾಗಾದ್ರೆ... ನಾನು ಬಡಿದಿದ್ದಕ್ಕೇ ಅವರು ಮತ್ತೆ ಮತ್ತೆ..."

"ಹೂಂ. ನೀವು ಸುಮ್ನೆ ಮಲಗಿದ್ದಿದ್ರೆ ಒಂದೊಂದೇ ಸಲಕ್ಕೆ ಮುಗೀತಿತ್ತು."

"ಮೀನು?" ಎಂದರು ಕ್ಷೀಣವಾಗಿ.

"ಅದೂ ಅದಕ್ಕೇ."

ಪಾಸ್ಟರ್ ಡಂಕ್ಲಿ ಕಠಿಣ ಮನುಷ್ಯ, ಆದರೆ ಅನ್ಯಾಯದವರಲ್ಲ. ಯೋಚಿಸಿ ತೀರ್ಪು ಕೊಟ್ಟರು. "ಇಡೀ ಓಣಿ ನಿಮ್ಮನ್ನ ಅವರ ಕಡೆಯವರು ಅಂತ ನಂಬಿದೆ. ನಾಳೆ ಅಲ್ಲಿ ಆಲ್ಬಮ್ ಬಿಡುಗಡೆಯಂತೆ. ಎಲ್ಲರ ಎದುರಿಗೆ, ಅವರ ಮೈಕಿನಲ್ಲೇ ಹೇಳಿ, ಮೆಚ್ಚಿ ಬಡಿದದ್ದಲ್ಲ, ಕೋಪಕ್ಕೆ ಬಡಿದದ್ದು ಅಂತ. ಹೇಳಿದ್ರೆ ನಾಡಿದ್ದು ನೀವು ಡೀಕನ್. ಹೇಳದಿದ್ರೆ ಬೀಸಣಿಗೆ ಕೊಡ್ತಾ ಇರಿ."

"ಆದ್ರೆ ಶಪಥ ಪಾಸ್ಟರ್! ಒಳಗೆ ಕಾಲಿಡೋ ಹಾಗಿಲ್ಲ."

"ಬೇಲಿ ಈ ಕಡೆಯಿಂದಲೇ ಹೇಳಿ. ನಾನೂ ಜೊತೆಗಿರ್ತೀನಿ."

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ದೊಡ್ಡ ಹಂಡೆಯಲ್ಲಿ ಸೊಪ್ಪು ತರಕಾರಿಯ ಸಾರು. ಕಾರ್ಪೊರಲ್ ಗ್ಯಾಬಿಡನ್ ಸಮವಸ್ತ್ರ ಇಲ್ಲದೆ, ಹೂವಿನ ಅಂಗಿ ತೊಟ್ಟು ಮೂಲೆಯಲ್ಲಿದ್ದರು. ಬೇಲಿಯ ಈ ಕಡೆ ನಾವು ನಾಲ್ಕೇ ಜನ. ಕುರ್ಚಿಯ ಮೇಲೆ ಪಾಸ್ಟರ್, ಅವರ ಪಕ್ಕ, ತಗಡಿನ ಸಂದಿಗೆ ಕಣ್ಣಿಟ್ಟು, ಹಯಸಿಂತ್ ಮತ್ತು ನಾನು. ಬಣ್ಣದ ಡಬ್ಬಿ ಬೋರಲು ಹಾಕಿ ಅದರ ಮೇಲೆ ಎಗ್ಬರ್ಟರು. ಆಚೆಯವರಿಗೆ ಕಾಣುವುದು ಅವರ ತಲೆ ಮತ್ತು ಟೈ ಮಾತ್ರ. ಅವರ ತಲೆ ಕಂಡದ್ದೇ ಅಂಗಳದಲ್ಲಿ ಕೇಕೆ ಎದ್ದಿತು.

ರೆಕಾರ್ಡಿನ ಹಾಡು ಒಂದೊಂದಾಗಿ ಬಂತು. ಏನು ಹೇಳಲಿ! ನಲ್ಲಿಯ ಹಾಡಿಗೆ ಹೆಂಗಸರು ಖಾಲಿ ಬಕೆಟ್ಟು ಎತ್ತಿ ಹಿಡಿದು ಕುಣಿದರು. ಬುಟ್ಟಿಯವಳ ಹಾಡಿಗೆ ಮೀನು ಹುರಿಯುವವಳು ಒಲೆ ಬಿಟ್ಟು ಓಡಿಬಂದಳು. ನಾನು ಹಾಡು ಕೇಳುತ್ತಲೇ ಬೆಳೆದವನು. ನಮ್ಮ ಕಷ್ಟವನ್ನು ನಮ್ಮ ಮುಖದ ಮೇಲೇ ಹೇಳಿ, ಹೇಳಿದ್ದಕ್ಕೆ ನಮ್ಮನ್ನೇ ಕುಣಿಸುವ ಇಂಥ ಗಟ್ಟಿಗಿತ್ತಿಯನ್ನು ಇನ್ನೊಬ್ಬಳನ್ನು ಕಂಡಿಲ್ಲ. ಆದರೆ ಒಂದು ಹಾಡಿನ ನಡುವೆ, ಪೆಟ್ಟಿಗೆಯೊಳಗಿಂದಲೇ ಢಣ್ ಢಣ್ ಢಣ್ ಎಂದು ಸದ್ದು ಬಂತು. ಪಾಸ್ಟರ್ ತಿರುಗಿ ನೋಡಿದರು. ಎಗ್ಬರ್ಟರ ಕೋಲು ಮೂಲೆಗೆ ಒರಗಿಕೊಂಡು ಸುಮ್ಮನಿತ್ತು.

"ಅದು... ನಾನೇ ಇರಬೇಕು," ಎಂದರು ಎಗ್ಬರ್ಟ್. "ರೆಕಾರ್ಡ್ ಮಾಡ್ಕೊಂಡುಬಿಟ್ಟಿದಾರೆ."

ಆಗ ನಯೋಮಾ ಮೈಕು ಹಿಡಿದಳು. "ಈ ಆಲ್ಬಮ್ಮಿಗೆ ಯಾವ ಹಾಡು ಸೇರಿಸೋದು, ಯಾವುದು ಬಿಡೋದು ಅಂತ ನಾನು ಆರಿಸಿಲ್ಲ. ಪಿನ್ನಾಕ್ ಅಂಕಲ್ ಆರಿಸಿದ್ದು. ಅವರು ಬಡಿದದ್ದೆಲ್ಲ ಒಳಗೆ, ಬಡೀದೇ ಇದ್ದದ್ದು ಹೊರಗೆ. ಬೆಳದಿಂಗಳು, ಸಮುದ್ರತೀರ, ಪ್ರೀತಿ ಅಂತ ಒಂದು ಹಾಡಿತ್ತು. ಅದನ್ನ ಹಾಡಿದಾಗ ಬೇಲಿ ಆಚೆಯಿಂದ ಗೊರಕೆ ಬಂತು. ಅವತ್ತೇ ತೆಗೆದುಹಾಕಿದೆ."

ಜನ ಬಿದ್ದು ಬಿದ್ದು ನಕ್ಕರು. ಎವರ್ಟನ್ ಇನ್ನೊಂದು ಮೈಕನ್ನು ಉದ್ದನೆಯ ವೈರಿನ ಸಮೇತ ಬೇಲಿಯ ಮೇಲಿಂದ ದಾಟಿಸಿದ. ಎಗ್ಬರ್ಟರು ಅದನ್ನು ಹಾವು ಹಿಡಿದ ಹಾಗೆ ಹಿಡಿದರು. ಪಾಸ್ಟರ್ ಗಂಟಲು ಸರಿಮಾಡಿಕೊಂಡರು. ಎಗ್ಬರ್ಟರು ಬಾಯಿ ತೆರೆದರು.

"ಒಂದು ನಿಮಿಷ ಅಂಕಲ್," ಎಂದಳು ನಯೋಮಾ. ಅವಳ ದನಿ ಇಳಿದಿತ್ತು. "ಮೊದಲು ನಾನು ಕ್ಷಮೆ ಕೇಳಬೇಕು. ನಿಮ್ಮ ಅಮ್ಮನ ಮೇಲೆ ಒಂದು ಹಾಡು ಕಟ್ಟಿದ್ದೆ. ಮಿಸ್ ಐಸಿಲ್ಡಾ ಬೆಳಗ್ಗೆ ಬೆಳಗ್ಗೆ ಗುಡ್ಡದ ಬುಡದಿಂದ ನೀರು ಹೊತ್ತು ತಂದು ಗೇಟಿನ ಹತ್ರ ಒಂದು ಬಕೆಟ್ ಇಡ್ತಿದ್ರು. ಈ ಓಣಿ ಮಕ್ಕಳು ಮುಖ ತೊಳೆಯದೆ ಶಾಲೆಗೆ ಹೋಗಬಾರದು ಅಂತ. ನಾನು ಆ ನೀರಲ್ಲಿ ಮುಖ ತೊಳೆದವಳು. ಇಡೀ ಆಲ್ಬಮ್ ಹುಟ್ಟಿದ್ದೇ ಆ ಬಕೆಟ್ಟಿಂದ. ಆದ್ರೆ ಅದನ್ನ ಹಾಡಿದ ದಿನ ನೀವು ಬಡೀಲಿಲ್ಲ. ಮಗನಿಗೇ ಹಿಡಿಸಲಿಲ್ಲ ಅಂದ ಮೇಲೆ ಹಾಕೋಕೆ ನಾನ್ಯಾರು? ತೆಗೆದುಬಿಟ್ಟೆ. ನೋಯಿಸಿದ್ರೆ ಕ್ಷಮಿಸಿ ಅಂಕಲ್."

ಹಯಸಿಂತ್ ನನ್ನ ಕೈ ಹಿಸುಕಿದಳು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಕಷಾಯ ನೆನಪಾಗಿತ್ತು.

ಎಗ್ಬರ್ಟರು ಪಾಸ್ಟರನ್ನು ನೋಡಿದರು. ಪಾಸ್ಟರ್ ಅವರನ್ನು ನೋಡಿದರು. ಹೇಳಬೇಕಾದ್ದು ಒಂದೇ ಸಾಲು. ಹೇಳಿದರೆ ಕುರ್ಚಿ.

"ಸುಳ್ಳು ಹೇಳಲ್ಲ ಮಗಳೇ," ಎಂದರು. ದನಿ ಪೆಟ್ಟಿಗೆಗಳಿಂದ ಓಣಿಯ ತುದಿಯವರೆಗೆ ಹೋಯಿತು. "ನಾನು ಮೆಚ್ಚಿ ಬಡಿದದ್ದಲ್ಲ. ನಿಲ್ಲಿಸಿ ಅಂತ ಕೋಪಕ್ಕೆ ಬಡಿದದ್ದು. ನನ್ನ ನಿದ್ದೆ ಹಾಳಾಗ್ತಿತ್ತು."

ನಯೋಮಾಳ ಮುಖ ಬಾಡಿತು. ಪಾಸ್ಟರ್ ಸಮಾಧಾನದಿಂದ ಎದ್ದು ನಿಂತರು. ಅಲ್ಲಿಗೆ ಮುಗಿದಿತ್ತು. ಎಗ್ಬರ್ಟರು ಮೈಕು ಕೊಟ್ಟು ಡಬ್ಬಿಯಿಂದ ಇಳಿದಿದ್ದರೆ, ಮಾರನೆಯ ದಿನ ಡೀಕನ್. ಅವರು ಇಳಿಯಲಿಲ್ಲ.

"ಅವತ್ತು ಮಾತ್ರ ಬಡೀಲಿಲ್ಲ. ಕೈ ಎತ್ತೋಕೆ ಆಗ್ಲಿಲ್ಲ. ಅಮ್ಮ ಹೋಗಿ ಇಷ್ಟು ವರ್ಷ ಆಯ್ತು, ನಾನು ಒಂದ್ಸಲವೂ ಅತ್ತಿರಲಿಲ್ಲ. ಅವಳು ದಿನಾ ನೀರು ಹೊರೋದು ಕಂಡು ಚಿಕ್ಕವನಿದ್ದಾಗ ನನಗೆ ನಾಚಿಕೆ ಆಗ್ತಿತ್ತು. ನೀನು ಅವಳನ್ನ ಹಾಡಿದಾಗ..." ಮೈಕನ್ನು ಎರಡೂ ಕೈಯಲ್ಲಿ ಬಿಗಿಹಿಡಿದರು. "ಹಿಡಿಸಲಿಲ್ಲ ಅಂತ ಸುಮ್ಮನಿದ್ದದ್ದಲ್ಲ ಮಗಳೇ. ಆ ಹಾಡು ಬಿಡಬೇಡ."

"ಜಾ!" ಎಂದು ಕೂಗಿದ ಎವರ್ಟನ್. "ಇವರ ನಿದ್ದೆ ಕೆಡಿಸಿದ ಹಾಡೆಲ್ಲ ಒಳಗಿವೆ, ನಿದ್ದೆ ಬರಿಸಿದ್ದೆಲ್ಲ ಹೊರಗಿವೆ. ಹಾಡಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಏನಿದೆ? ಹಾಕ್ರೋ ಮಿಸ್ ಐಸಿಲ್ಡಾ ಹಾಡು!"

ಮೊದಲು ಬೇಸು ಬಂತು, ನಿಧಾನ, ತಲೆಯ ಮೇಲೆ ನೀರು ಹೊತ್ತವಳ ನಡಿಗೆಯಷ್ಟೇ ನಿಧಾನ. ಅದರ ಮೇಲೆ ಮೈಕು ಹಿಡಿದು ನಯೋಮಾ ಹಾಡಿದಳು. ಗುಡ್ಡದ ಬುಡ, ಕಲ್ಲು ದಾರಿ, ಗೇಟು, ಬಕೆಟ್ಟು. ಆಮೇಲೆ ಆ ನೀರಿನಲ್ಲಿ ಮುಖ ತೊಳೆದ ಮಕ್ಕಳು. ಅವರಲ್ಲಿ ನಾನೂ ಒಬ್ಬ. ಕುಣಿಯುತ್ತಿದ್ದವರು ನಿಂತರು. ಯಾರೂ ಬಡಿಯಲಿಲ್ಲ, ಯಾರೂ ಕೂಗಲಿಲ್ಲ. ಹಂಡೆಯ ಬಳಿ ಇದ್ದವಳು ಸೌಟು ಎದೆಗೊತ್ತಿಕೊಂಡು ನಿಂತುಬಿಟ್ಟಳು. ಆ ಮೌನಕ್ಕೆ ನಯೋಮಾ ಹೆದರಿದಳೆಂದು ಕಾಣುತ್ತದೆ, ಅವಳ ದನಿ ಒಂದು ಕ್ಷಣ ಅಲುಗಿತು.

ಎಗ್ಬರ್ಟರು ಡಬ್ಬಿಯಿಂದ ಜಿಗಿದರು. ಮೂಲೆಯಲ್ಲಿದ್ದ ಕೋಲು ಹಿಡಿದರು. ಮೂರು ವಾರ ಕೋಪಕ್ಕೆ ಬಡಿದಿದ್ದೆಲ್ಲ ಏನೂ ಅಲ್ಲ ಎನ್ನುವ ಹಾಗೆ, ಎರಡೂ ಕೈ ಎತ್ತಿ ಬಡಿದರು. ಢಣ್! ಢಣ್! ಢಣ್!

ಮೂರನೇ ಏಟಿಗೆ ಕಾರ್ಪೊರಲ್ ಹೇಳಿದ್ದ ಕಂಬ ಕೈಬಿಟ್ಟಿತು. ಇಡೀ ಬೇಲಿ ಧಡಾರೆಂದು ಆಚೆ ಕಡೆಗೆ ಮಲಗಿತು. ಜನ ಚೆಲ್ಲಾಪಿಲ್ಲಿಯಾಗಿ ಹಿಂದೆ ಜಿಗಿದರು. ದೇವರ ದಯೆ, ಯಾರಿಗೂ ತಗಲಲಿಲ್ಲ. ಧೂಳು ಇಳಿದಾಗ ಎಗ್ಬರ್ಟರ ಹಿತ್ತಲು ಯಾವುದು, ಸಂಗೀತದ ಅಂಗಳ ಯಾವುದು ಎಂದು ಹೇಳುವವರು ಯಾರೂ ಇರಲಿಲ್ಲ. ಶಪಥದ ಕಾಲು ಇದ್ದಲ್ಲೇ ಇತ್ತು. ಅಂಗಳವೇ ಅವರ ಮನೆಗೆ ಬಂದಿತ್ತು.

ಹಾಡು ನಿಂತಿತ್ತು. ಅದು ಮೆಚ್ಚುಗೆಯ ಬಡಿತವೋ ಬರೀ ಬೇಲಿ ಬಿದ್ದದ್ದೋ ತಿಳಿಯದೆ ಎವರ್ಟನ್ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದ. ನಯೋಮಾ ಎಗ್ಬರ್ಟರನ್ನೇ ನೋಡುತ್ತಿದ್ದಳು. ಅವರು ಬಡಿಯಲು ಇನ್ನೇನೂ ಉಳಿಯದ ಕೋಲನ್ನು ಹಿಡಿದು, ಕಣ್ಣೀರು ಒರೆಸಿಕೊಳ್ಳಲೂ ತೋಚದೆ ನಿಂತಿದ್ದರು. ನಾವೆಲ್ಲ ಪಾಸ್ಟರ್ ಡಂಕ್ಲಿಯವರ ಮುಖ ನೋಡಿದೆವು. ಅವರು ಕೋಟಿನ ಮೇಲಿನ ಧೂಳು ಕೊಡವಿ, ಮೂಗು ಒರೆಸಿಕೊಂಡು, ಚರ್ಚಿನಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದರು.

"ಡೀಕನ್ ಪಿನ್ನಾಕ್," ಎಂದರು. "ಬಡಿಯೋಕೆ ಈಗ ತಗಡಿಲ್ಲ. ಬಾಯಿ ಬಿಟ್ಟು ಕೇಳಿ."

ಎಗ್ಬರ್ಟರು ಕೋಲನ್ನು ಕೆಳಗಿಟ್ಟರು.

"ಇನ್ನೊಂದ್ಸಲ ಹಾಡಮ್ಮ," ಎಂದರು.